ದಡಕ್ಕೆ ಬಂದು ಮತ್ತೆ ದೋಣಿ ಹತ್ತುವುದೇಕೆ?

ಈಚಿನ ಕೆಲವು ವರ್ಷಗಳಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳ ಮಕ್ಕಳಲ್ಲಿಯೂ ಕೆರಿಬಿಯನ್ ಸಮುದ್ರದಲ್ಲಿ ಕ್ರೂಸ್ ಹೋಗಿಬರುವುದು ಒಂದು ವಾಡಿಕೆಯೇ ಆಗಿದೆ. ಅಮೆರಿಕದಲ್ಲಿ ನೆಲೆಸಿದವರು ಊರಿನಿಂದ ತಂದೆತಾಯಿಯರು ಬಂದರೆ ಮೊದಲ ಸಲ ನಯಾಗರ ತೋರಿಸುತ್ತಾರೆ, ಎರಡನೆಯ ಸಲ ಹಡಗು ಹತ್ತಿಸುತ್ತಾರೆ. ಬಹಳ ಸಂತೋಷ. ಅವರಲ್ಲಿ ಮೂರು ನಾಲ್ಕು ಮಂದಿ ಬೇರೆಬೇರೆ ಸಂದರ್ಭಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಮೇಷ್ಟ್ರೇ, ನಮ್ಮ ಹಡಗು ಬಾರ್ಬಡೋಸಿನಲ್ಲಿ ಒಂದು ಹಗಲು ನಿಲ್ಲುತ್ತದೆ. ಅಲ್ಲಿ ಪಾರ್ಟಿ ಬೋಟ್ ವಿಹಾರ ಎಂದು ಇದೆಯಂತೆ. ಕೊಟ್ಟ ದುಡ್ಡಿಗೆ ತಕ್ಕದ್ದೇ?"

ನನ್ನ ಉತ್ತರ: ಅಲ್ಲ. ದುಡ್ಡಿನ ಮಾತು ಹಾಗಿರಲಿ, ಅದು ಕಸಿದುಕೊಳ್ಳುವ ಹೊತ್ತಿಗೆ ತಕ್ಕದ್ದಲ್ಲ. ಹೀಗೆ ಕಡ್ಡಿ ಮುರಿದಂತೆ ಹೇಳಿದರೆ ಸಾಲದು, ಕಾರಣವನ್ನೂ ಹೇಳಬೇಕಲ್ಲವೆ? ಅದಕ್ಕಾಗಿಯೇ ಈ ಬರಹ.

ಕ್ರೂಸ್ ಕಾಣದ ಊರಿನ ಬಂಧುಗಳಿಗಾಗಿ ಮೊದಲು ಎರಡು ಮಾತು. ಕ್ರೂಸ್ ಎಂದರೆ ಮೂರು ನಾಲ್ಕು ಸಾವಿರ ಜನರನ್ನು ಹೊತ್ತು, ಹತ್ತು ಹದಿನೈದು ಅಂತಸ್ತು ಎದ್ದು ನಿಂತಿರುವ ತೇಲುವ ಹೋಟೆಲು. ಅದು ರಾತ್ರಿಯೆಲ್ಲ ಸಾಗಿ ಬೆಳಗ್ಗೆ ಒಂದು ದ್ವೀಪದ ಬಂದರಿನಲ್ಲಿ ನಿಲ್ಲುತ್ತದೆ. ಸಂಜೆ ಮತ್ತೆ ಹೊರಡುತ್ತದೆ. ನಡುವಣ ಹಗಲಿನಲ್ಲಿ ಪ್ರಯಾಣಿಕರು ಮಾಡಬಹುದಾದ ವಿಹಾರಗಳನ್ನು 'ಶೋರ್ ಎಕ್ಸ್‌ಕರ್ಷನ್' ಎಂಬ ಹೆಸರಿನಲ್ಲಿ ಹಡಗಿನವರೇ ಮಾರುತ್ತಾರೆ. ಪಾರ್ಟಿ ಬೋಟ್ ಇವುಗಳಲ್ಲೊಂದು. ಎರಡು ಒಡಲುಗಳ ಕ್ಯಾಟಮರಾನ್ (ಈ ಪದ ಹುಟ್ಟಿದ್ದು ನಮ್ಮ ನೆರೆಯ ತಮಿಳರ 'ಕಟ್ಟುಮರ'ದಿಂದ), ಇಲ್ಲವೆ ಕಡಲ್ಗಳ್ಳರ ಹಡಗಿನ ವೇಷ ತೊಟ್ಟ ದೊಡ್ಡ ದೋಣಿ. ಅದರಲ್ಲಿ ಎದೆ ಅದುರುವಷ್ಟು ಸಂಗೀತ, ಕೇಳಿದಷ್ಟು ರಮ್ ಪಂಚ್, ಕುಣಿತ. ನಡುವೆ ಒಂದೆರಡು ಕಡೆ ಲಂಗರು ಹಾಕಿ ಕಡಲಾಮೆಗಳ ಜೊತೆ ಸ್ವಲ್ಪ ಹೊತ್ತು ಈಜು. ಮೂರು ನಾಲ್ಕು ಗಂಟೆಗಳ ಮೇಲೆ ವಾಪಸು.

ಈಗ ಹೊತ್ತಿನ ಲೆಕ್ಕ ನೋಡೋಣ. ನಾನು ಗಣಿತದ ಮೇಷ್ಟ್ರಲ್ಲ, ಸಮಾಜ ಪಾಠದವನು. ಆದರೂ ಈ ಲೆಕ್ಕ ಸುಲಭ. ಹಡಗು ಎಂಟಕ್ಕೆ ನಿಂತರೆ ಜನ ಇಳಿಯುವಾಗ ಒಂಬತ್ತು. ಸಂಜೆ ಐದಕ್ಕೆ ಹೊರಡುವುದಾದರೆ ನಾಲ್ಕೂವರೆಗಾದರೂ ಒಳಗಿರಬೇಕು. ಮನೆಮಂದಿಯೊಂದಿಗೆ ಹೋದ ವಿವೇಕಿ ನಾಲ್ಕಕ್ಕೇ ಬಂದುಬಿಡುತ್ತಾನೆ. ಕೈಯಲ್ಲಿ ಉಳಿದದ್ದು ಏಳು ಗಂಟೆ. ಪಾರ್ಟಿ ಬೋಟಿನವರು ಬಂದರುಕಟ್ಟೆಯ ಮೇಲೆ ಸಾಲು ನಿಲ್ಲಿಸಿ, ಹೆಸರು ಕೂಗಿ, ದೋಣಿ ತುಂಬಿಸಿ ಹೊರಡುವುದಕ್ಕೆ ಮುಕ್ಕಾಲು ಗಂಟೆ. ವಿಹಾರಕ್ಕೆ ನಾಲ್ಕು ಗಂಟೆ. ಮರಳಿ ಬಂದು ಒದ್ದೆಬಟ್ಟೆ ಬದಲಿಸಿ, ಬಿಸಿಲಿಗೆ ಸುಟ್ಟ ಮೈಗೆ ಏನಾದರೂ ಸವರಿಕೊಂಡು ಸುಧಾರಿಸಿಕೊಳ್ಳುವುದಕ್ಕೆ ಇನ್ನೊಂದು ಗಂಟೆ. ಉಳಿದ ಒಂದು ಗಂಟೆ ಹದಿನೈದು ನಿಮಿಷದಲ್ಲಿ ಬಂದರಿನೊಳಗಣ ಅಂಗಡಿಗಳಲ್ಲಿ ಒಂದು ಅಯಸ್ಕಾಂತದ ಚಿತ್ರ ಕೊಳ್ಳಬಹುದು, ಊರಿಗೆ ಹೋಗಿ ಫ್ರಿಜ್ಜಿಗೆ ಅಂಟಿಸಲು. ಅದರ ಮೇಲೆ 'ಬಾರ್ಬಡೋಸ್' ಎಂದು ಬರೆದಿರುತ್ತದೆ. ಅದನ್ನು ಓದದಿದ್ದರೆ ತಾನು ಯಾವ ದ್ವೀಪಕ್ಕೆ ಹೋಗಿದ್ದೆ ಎಂಬುದನ್ನು ಹೇಳಲು ಅವನ ಬಳಿ ಬೇರೆ ಸಾಕ್ಷಿ ಇರುವುದಿಲ್ಲ.

ಇನ್ನು ಆ ನಾಲ್ಕು ಗಂಟೆಯಲ್ಲಿ ದೊರೆತದ್ದೇನು? ಸಂಗೀತ, ಮದ್ಯ, ಕುಣಿತ, ನೀರು, ಬಿಸಿಲು, ಜನಜಂಗುಳಿ. ಇವುಗಳಲ್ಲಿ ಹಡಗಿನಲ್ಲಿ ಇಲ್ಲದ್ದು ಯಾವುದು? ಈಜುಕೊಳವಿದೆ, ಅದರ ಪಕ್ಕದಲ್ಲೇ ಬೆಳಗಿನಿಂದ ಬಡಿಯುವ ಸಂಗೀತವಿದೆ, ಹೆಜ್ಜೆಗೊಂದು ಬಾರ್ ಇದೆ. ಅದಕ್ಕೆಲ್ಲ ಆಗಲೇ ಹಣ ತೆತ್ತಾಗಿದೆ. ಮದುವೆಮನೆಯ ಪಂಕ್ತಿಯಿಂದ ಎದ್ದುಬಂದು ಪಕ್ಕದ ಹೋಟೆಲಿನಲ್ಲಿ ಅದೇ ಅನ್ನಸಾರನ್ನು ದುಡ್ಡು ಕೊಟ್ಟು ಉಂಡಂತಾಯಿತು. ಅಷ್ಟು ದೊಡ್ಡ ಹಡಗು ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದ ವಸ್ತು ಒಂದೇ ಒಂದು, ನೆಲ. ಆ ನೆಲ ಏಳು ಗಂಟೆಯ ಮಟ್ಟಿಗೆ ಕಾಲಿನ ಕೆಳಗೆ ಸಿಕ್ಕಿರುವಾಗ ಅದನ್ನು ಬಿಟ್ಟು ಮತ್ತೊಂದು ದೋಣಿ ಹತ್ತುವುದು ಯಾವ ಜಾಣತನ?

ಬಾರ್ಬಡೋಸಿನಲ್ಲಂತೂ ಈ ನಷ್ಟ ಬಹಳ ದೊಡ್ಡದು. ಏಕೆಂದರೆ ಅಲ್ಲಿ ಊರು ಬಂದರಿಗೆ ಅಂಟಿಕೊಂಡೇ ಇದೆ. 1961ರಲ್ಲಿ ತೆರೆದ ಬ್ರಿಜ್‌ಟೌನ್ ಆಳನೀರ ಬಂದರಿನಿಂದ ಕಡಲಂಚಿನ ದಾರಿ ಹಿಡಿದರೆ ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಪೇಟೆಯ ನಡುಮಧ್ಯ. ದ್ವೀಪವೂ ಪುಟ್ಟದು, ಸುಮಾರು 430 ಚದರ ಕಿಲೋಮೀಟರ್. ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಆದರೆ ಅದರ ಕಥೆ ಪುಟ್ಟದಲ್ಲ. ಬ್ರಿಜ್‌ಟೌನ್ ಪಟ್ಟಣವನ್ನೂ ಅದರ ಪಕ್ಕದ ಗ್ಯಾರಿಸನ್ ಎಂಬ ಹಳೆಯ ದಂಡುಪ್ರದೇಶವನ್ನೂ ಯುನೆಸ್ಕೋ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಸಂಸತ್ತು 1639ರಷ್ಟು ಹಳೆಯದು. ಅದರ ಎದುರಿನ ಚೌಕಕ್ಕೆ ಮೊದಲು ಟ್ರಫಾಲ್ಗರ್ ಚೌಕವೆಂದು ಹೆಸರಿತ್ತು. 1999ರಲ್ಲಿ ಅದು ರಾಷ್ಟ್ರವೀರರ ಚೌಕವಾಯಿತು. 1813ರಿಂದ ಅಲ್ಲಿ ನಿಂತಿದ್ದ ನೆಲ್ಸನ್ನನ ಪ್ರತಿಮೆಯನ್ನು 2020ರ ನವೆಂಬರಿನಲ್ಲಿ ಜನರ ಎದುರಿಗೇ ಕೆಳಗಿಳಿಸಿದರು. ಮರುವರ್ಷ, 2021ರ ನವೆಂಬರ್ 30ರಂದು, ಬಾರ್ಬಡೋಸ್ ಇಂಗ್ಲೆಂಡಿನ ರಾಣಿಯನ್ನು ತನ್ನ ಮುಖ್ಯಸ್ಥೆಯ ಸ್ಥಾನದಿಂದ ಬಿಡುಗಡೆಗೊಳಿಸಿ ಗಣರಾಜ್ಯವಾಯಿತು. ನಾವು 1950ರಲ್ಲಿ ಮಾಡಿದ್ದನ್ನು ಅವರು ನಮ್ಮ ಕಣ್ಣೆದುರಿಗೆ ಮಾಡಿದರು. ಇದನ್ನು ನೋಡದೆ ಬರುವುದೆ?

ಎರಡು ಹೆಜ್ಜೆ ಮುಂದೆ ಹೋದರೆ ನಿಧೆ ಇಸ್ರೇಲ್ ಎಂಬ ಯಹೂದ್ಯರ ಪ್ರಾರ್ಥನಾಮಂದಿರ. 1654ರಲ್ಲಿ ಸ್ಥಾಪನೆಯಾದದ್ದು, 1831ರ ಚಂಡಮಾರುತಕ್ಕೆ ಸಿಕ್ಕಿ ಹಾಳಾಗಿ 1833ರಲ್ಲಿ ಮತ್ತೆ ಎದ್ದದ್ದು. ಇನ್ನೊಂದು ದಿಕ್ಕಿನಲ್ಲಿ ಗ್ಯಾರಿಸನ್ ಬಳಿ ಜಾರ್ಜ್ ವಾಷಿಂಗ್ಟನ್ 1751ರಲ್ಲಿ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾಯಿಲೆಯ ಅಣ್ಣನ ಜೊತೆ ಬಂದು ತಂಗಿದ್ದ ಮನೆ. ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಆತ ತನ್ನ ಜೀವಮಾನದಲ್ಲಿ ಕಾಲಿಟ್ಟ ಪರದೇಶ ಇದೊಂದೇ. ಇಲ್ಲಿಯೇ ಅವನಿಗೆ ಸಿಡುಬು ತಗಲಿ ವಾಸಿಯಾಯಿತು. ಅಮೆರಿಕದಲ್ಲಿ ಓದುತ್ತಿರುವ ನಿಮ್ಮ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಮನೆ ಬೇಕೆ?

ಕ್ರಿಕೆಟ್ಟಿನ ಮಾತಿಗೆ ಬಂದರೆ ನನಗೆ ಸಂಯಮ ಉಳಿಯುವುದಿಲ್ಲ ಎಂಬುದು ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಹಡಗು ನಿಲ್ಲುವ ಕಡೆಯಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಕೆನ್ಸಿಂಗ್ಟನ್ ಓವಲ್ ಇದೆ. 1962ರ ಮಾರ್ಚಿಯಲ್ಲಿ ಭಾರತದ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿದು ತಲೆಬುರುಡೆ ಬಿರಿದದ್ದು ಇದೇ ಮೈದಾನದಲ್ಲಿ. ಎದುರಾಳಿ ದೇಶದ ನಾಯಕ ಫ್ರಾಂಕ್ ವೊರೆಲ್ ಆಸ್ಪತ್ರೆಯಲ್ಲಿ ತಮ್ಮ ರಕ್ತ ಕೊಟ್ಟರು. ಕಂಟ್ರಾಕ್ಟರ್ ಬದುಕಿದರು, ಆದರೆ ಮತ್ತೆ ಟೆಸ್ಟ್ ಆಡಲಿಲ್ಲ. ಇಪ್ಪತ್ತೊಂದರ ಹರೆಯದ ಪಟೌಡಿ ಮುಂದಿನ ಟೆಸ್ಟಿಗೆ ನಾಯಕರಾದದ್ದೂ ಇಲ್ಲಿಯೇ. 1997ರಲ್ಲಿ ಗೆಲ್ಲಲು 120 ರನ್ ಬೇಕಿದ್ದಾಗ ನಮ್ಮವರು 81ಕ್ಕೆ ಮುದುಡಿಕೊಂಡದ್ದೂ ಇಲ್ಲಿಯೇ. ನಮ್ಮ ದ್ರಾವಿಡ್, ಕುಂಬ್ಳೆ, ವೆಂಕಟೇಶ ಪ್ರಸಾದ್ ಮೂವರೂ ಆ ತಂಡದಲ್ಲಿದ್ದರು. ಇದೇ ದ್ರಾವಿಡ್ ತರಬೇತುದಾರರಾಗಿದ್ದ ತಂಡ 2024ರ ಜೂನ್ 29ರಂದು ದಕ್ಷಿಣ ಆಫ್ರಿಕಾವನ್ನು 7 ರನ್ನುಗಳಿಂದ ಸೋಲಿಸಿ ಟಿ20 ವಿಶ್ವಕಪ್ ಎತ್ತಿದ್ದೂ ಇಲ್ಲಿಯೇ.

ನಾವು ಅಲ್ಲಿಗೆ ಹೋದದ್ದು ಆ ಪಂದ್ಯಕ್ಕೆ ಆರು ತಿಂಗಳು ಮೊದಲು, 2023ರ ಡಿಸೆಂಬರಿನಲ್ಲಿ, ಮಗಳು ಅಳಿಯಂದಿರ ಜೊತೆ. ಸಾನ್ ಹ್ವಾನ್‌ನಿಂದ ಹೊರಟ ಹಡಗು. ಜೊತೆಗೆ ಅವರ ಸ್ನೇಹಿತರ ಎರಡು ಕನ್ನಡ ಕುಟುಂಬಗಳು. ಅವರೆಲ್ಲ ಪಾರ್ಟಿ ಬೋಟಿಗೆ ಹೆಸರು ಕೊಟ್ಟಿದ್ದರು. ನಾನು, ನನ್ನಾಕೆ, ಹನ್ನೊಂದು ವರ್ಷದ ಮೊಮ್ಮಗ ಮೂವರು ಕೊಡೆ ಹಿಡಿದು ನಡೆದೆವು. ಓವಲ್ ಮೈದಾನದ ಹೊರಗೆ ಸರ್ ಗಾರ್ಫೀಲ್ಡ್ ಸೋಬರ್ಸ್ ಅವರ ಪ್ರತಿಮೆಯ ಮುಂದೆ ನಿಂತು ಮೊಮ್ಮಗನಿಗೆ ಕಂಟ್ರಾಕ್ಟರ್, ವೊರೆಲ್ ಕಥೆ ಹೇಳಿದೆ. "ಬೇರೆ ಟೀಮಿನವರು ಯಾಕೆ ಬ್ಲಡ್ ಕೊಟ್ಟರು, ತಾತ?" ಎಂದು ಕೇಳಿದ. ಉತ್ತರ ಹೇಳುತ್ತ ಪೇಟೆಯವರೆಗೂ ನಡೆದೆವು. ಅಲ್ಲಿ ಕೆರೀನೇಜ್ ಎಂಬ ಒಳತೀರದ ಕಟ್ಟೆಯ ಮೇಲೆ ಕುಳಿತೆವು. ಹಿಂದೆ ಹಡಗುಗಳನ್ನು ಒಂದು ಪಕ್ಕಕ್ಕೆ ವಾಲಿಸಿ ತಳ ಕೆರೆದು ಶುದ್ಧಮಾಡುತ್ತಿದ್ದ ಜಾಗವದು. ನನ್ನಾಕೆ ಮಾರುಕಟ್ಟೆಯ ಹೆಂಗಸೊಬ್ಬಳ ಬಳಿ ಬೆಂಡೆಕಾಯಿ ಕಂಡು ನಿಂತಳು. ಅಲ್ಲಿಯವರು ಅದನ್ನು ಜೋಳದ ಹಿಟ್ಟಿನೊಂದಿಗೆ ಮುದ್ದೆಯಂತೆ ತೊಳೆಸಿ 'ಕೂಕೂ' ಎಂಬ ಅಡುಗೆ ಮಾಡುತ್ತಾರೆ. ಇಬ್ಬರಿಗೂ ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಅರ್ಧ ಮಾತ್ರ ತಿಳಿಯುತ್ತಿದ್ದರೂ ಮುದ್ದೆಯ ವಿಷಯದಲ್ಲಿ ಒಮ್ಮತವಾಯಿತು.

ಸಂಜೆ ಹಡಗಿನಲ್ಲಿ ಎಲ್ಲರೂ ಸೇರಿದಾಗ ಮಗಳನ್ನು ಹೇಗಿತ್ತಮ್ಮಾ ಎಂದು ಕೇಳಿದೆ. ಅವಳು ಸುಳ್ಳು ಹೇಳುವವಳಲ್ಲ. "ಚೆನ್ನಾಗಿತ್ತು ಅಪ್ಪ. ನೀರು ತುಂಬ ನೀಲಿ. ಆಮೆ ನೋಡಿದೆ, ಐದು ನಿಮಿಷ. ಮಿಕ್ಕ ಹೊತ್ತು ಸ್ಪೀಕರಿನಿಂದ ದೂರ ಎಲ್ಲಿ ಕೂರಬಹುದು ಅಂತ ಹುಡುಕುತ್ತಿದ್ದೆ" ಎಂದಳು. ನಾಲ್ಕು ಜನರ ಒಂದು ಕುಟುಂಬಕ್ಕೆ ಮುನ್ನೂರು ಡಾಲರಿಗಿಂತ ಹೆಚ್ಚು ಖರ್ಚಾಗಿತ್ತು. ನಮ್ಮ ಮೂವರ ಖರ್ಚು ತಿಂಡಿ, ಎಳನೀರು ಸೇರಿ ಇಪ್ಪತ್ತೈದು ಡಾಲರ್. ಆರು ತಿಂಗಳ ಮೇಲೆ ವಿಶ್ವಕಪ್ ಗೆದ್ದ ರಾತ್ರಿ, ಇಲ್ಲಿ ಮಧ್ಯರಾತ್ರಿಯ ಹೊತ್ತಿಗೆ, ಮೊಮ್ಮಗ ಫೋನು ಮಾಡಿದ: "ತಾತ, ನಾವು ಆ ಗೇಟಿನ ಹತ್ತಿರವೇ ನಿಂತಿದ್ದೆವಲ್ಲ!" ದೋಣಿಗೆ ಹೋಗಿದ್ದ ಮಕ್ಕಳಿಗೆ ಆ ಮೈದಾನ ಟಿವಿಯೊಳಗಿನ ಮೈದಾನವಷ್ಟೇ ಆಗಿತ್ತು. ನಾನು ಬೆಲೆ ಕಟ್ಟುವುದು ಇದಕ್ಕೆ.

ಇನ್ನೊಂದು ಮಾತಿದೆ. ಇದು ಸ್ವಲ್ಪ ಕಹಿಯಾದದ್ದು. ಆ ದೋಣಿಯಲ್ಲಿ ಧಾರಾಳವಾಗಿ ಸುರಿಯುವ ರಮ್ ಎಲ್ಲಿಂದ ಬಂತು? ಕಬ್ಬಿನಿಂದ. ಕಬ್ಬು, ಬೆಲ್ಲ, ಸಕ್ಕರೆ ಎಂದರೆ ನಮ್ಮ ಮಂಡ್ಯದ ಕಡೆಯವರಿಗೆ ವಿವರಿಸಬೇಕಿಲ್ಲ. ಇಂಗ್ಲಿಷಿನ 'ಶುಗರ್' ಪದವೇ ನಮ್ಮ 'ಶರ್ಕರಾ' ಅರಬರ ಬಾಯಲ್ಲಿ ಹಾದುಹೋಗಿ ಆದದ್ದು. ಇಂಗ್ಲಿಷರು 1627ರಲ್ಲಿ ಬಾರ್ಬಡೋಸಿನಲ್ಲಿ ನೆಲೆಯೂರಿ 1640ರ ದಶಕದಲ್ಲಿ ಕಬ್ಬು ಹಚ್ಚಿದರು. ನಮ್ಮ ಆಲೆಮನೆಯಂತೆಯೇ ಅಲ್ಲಿಯೂ ಗಾಣ, ಅಲ್ಲಿಯೂ ಸಾಲು ಕೊಪ್ಪರಿಗೆ, ಅಲ್ಲಿಯೂ ಹೊಗೆ. ಆದರೆ ನಮ್ಮ ಆಲೆಮನೆಗೆ ಹೋದ ಹುಡುಗ ಬಿಸಿ ಬೆಲ್ಲ ನೆಕ್ಕಿಕೊಂಡು ಮನೆಗೆ ಬರುತ್ತಿದ್ದ. ಅಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ರಾತ್ರಿಯಿಡೀ ದುಡಿದು ತೂಕಡಿಸಿದಾಗ ಕೈ ಗಾಣಕ್ಕೆ ಸಿಕ್ಕಿದರೆ, ಮೈಯೇ ಒಳಗೆ ಸೆಳೆದುಹೋಗುವ ಮೊದಲು ತೋಳನ್ನು ಕತ್ತರಿಸಲು ಕೆರಿಬಿಯನ್ನಿನ ಗಾಣಗಳ ಪಕ್ಕದಲ್ಲಿ ಕೊಡಲಿ ಇಟ್ಟಿರುತ್ತಿದ್ದರು. ಮನುಷ್ಯರನ್ನು ಸೊತ್ತಿನಂತೆ ಕಾಣುವ ಕಾಯಿದೆಯನ್ನು ಬಾರ್ಬಡೋಸಿನ ಶಾಸನಸಭೆ 1661ರಲ್ಲಿ ಬರೆಯಿತು. ಜಮೈಕಾ, ದಕ್ಷಿಣ ಕ್ಯಾರೊಲಿನಾಗಳು ಅದನ್ನೇ ಮಾದರಿಯಾಗಿ ಇಟ್ಟುಕೊಂಡವು. 1816ರ ಈಸ್ಟರ್ ದಿನ ಬುಸ್ಸಾ ಎಂಬ ಗುಲಾಮನ ಹೆಸರಿನಲ್ಲಿ ಪ್ರಸಿದ್ಧವಾದ ದಂಗೆ ಎದ್ದಿತು. ಅವನು ಹೋರಾಡುತ್ತಲೇ ಸತ್ತ. 1834ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾಯಿತು; 'ಅಪ್ರೆಂಟಿಸ್' ಎಂಬ ಹೊಸ ಹೆಸರಿನ ಬಿಟ್ಟಿದುಡಿಮೆಯೂ ಕಳೆದು ನಿಜವಾದ ಬಿಡುಗಡೆ ಬಂದದ್ದು 1838ರಲ್ಲಿ.

ಅಟ್ಲಾಂಟಿಕ್ ದಾಟಿಸುವಾಗ ಆ ಸೆರೆಯಾಳುಗಳ ಕೈಕಾಲು ಮರಗಟ್ಟಬಾರದೆಂದು ಅವರನ್ನು ಹಡಗಿನ ಮೇಲಟ್ಟಕ್ಕೆ ಎಳೆತಂದು, ಚಾಟಿ ಹಿಡಿದು ಕುಣಿಸುತ್ತಿದ್ದರು. ಮಾರುವ ತನಕ ಸರಕು ಕೆಡಬಾರದಲ್ಲ! ಈಗ ಅದೇ ನೀರಿನ ಮೇಲೆ, ಕಡಲ್ಗಳ್ಳರ ವೇಷ ಹಾಕಿದ ದೋಣಿಯಲ್ಲಿ, ರಮ್ ಕುಡಿದು ಕುಣಿಯುವವರು ಪಾಪಿಗಳೆಂದು ನಾನು ಹೇಳುತ್ತಿಲ್ಲ. ಬಾರ್ಬಡೋಸಿನವರೂ ಕುಡಿಯುತ್ತಾರೆ, ಕುಣಿಯುತ್ತಾರೆ. ತಮ್ಮ ಹಬ್ಬಗಳಲ್ಲಿ ನಮಗಿಂತ ಚೆನ್ನಾಗಿಯೇ ಕುಣಿಯುತ್ತಾರೆ. ಆದರೆ ಅವರಿಗೆ ಈ ಕಥೆ ಗೊತ್ತು. ಗೊತ್ತಿದ್ದು ಕುಣಿಯುವುದು ಬೇರೆ, ಏನೂ ಗೊತ್ತಿಲ್ಲದೆ, ಗೊತ್ತಾಗುವ ಅವಕಾಶವನ್ನೂ ದುಡ್ಡು ಕೊಟ್ಟು ತಪ್ಪಿಸಿಕೊಂಡು ಕುಣಿಯುವುದು ಬೇರೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಕೇಳಬೇಕು.

ಮೊದಲನೆಯದು ಭದ್ರತೆ. ಹಡಗಿನವರೇ ಮಾರಿದ ವಿಹಾರ ತಡವಾದರೆ ಹಡಗು ಕಾಯುತ್ತದೆ, ಸ್ವಂತ ಹೊಣೆಯಲ್ಲಿ ಹೋದವರಿಗೆ ಕಾಯುವುದಿಲ್ಲ ಎನ್ನುತ್ತಾರೆ. ಮಾತು ನಿಜ. ಆದರೆ ಈ ಭಯ ದೂರ ಹೋಗುವವರಿಗೆ ಸಲ್ಲುತ್ತದೆ. ಹಡಗಿನ ಹೊಗೆಕೊಳವೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಡೆದಾಡುವವನು ಎಲ್ಲಿ ತಪ್ಪಿಹೋದಾನು? ಹಡಗಿನ ಭದ್ರತೆಯೇ ಬೇಕೆಂದರೆ ಅವರೇ ಮಾರುವ ನಗರದರ್ಶನದ ಬಸ್ಸೂ ಇರುತ್ತದೆ, ಅದನ್ನು ಕೊಳ್ಳಿ.

ಎರಡನೆಯದು, ಆಮೆಗಳನ್ನು ಹತ್ತಿರದಿಂದ ನೋಡುವ ಭಾಗ್ಯ. ಇದು ಗಟ್ಟಿಯಾದ ವಾದ. ಹಡಗಿನ ಈಜುಕೊಳದಲ್ಲಿ ಆಮೆ ಇಲ್ಲ, ಒಪ್ಪಿದೆ. ಆದರೆ ಬಾರ್ಬಡೋಸ್ 1998ರಲ್ಲಿ ಕಡಲಾಮೆ ಬೇಟೆಯನ್ನು ನಿಷೇಧಿಸಿದ್ದು ಅವು ನೆಮ್ಮದಿಯಿಂದ ಬದುಕಲೆಂದು. ಮೀನಿನ ತುಂಡು ತೋರಿಸಿ ಅವುಗಳನ್ನು ಕರೆದು, ಅರ್ಧ ಅಮಲೇರಿದ ಮೂವತ್ತು ನಲವತ್ತು ಜನರನ್ನು ಅವುಗಳ ಮೇಲೆ ನೂಕುವುದು ಯಾವ ಸೀಮೆಯ ಪ್ರಾಣಿಪ್ರೀತಿ? ನಿಮಗೆ ನಿಜವಾಗಿಯೂ ಈಜು ಬಲ್ಲ ಮಕ್ಕಳಿದ್ದು, ನಿಜವಾಗಿಯೂ ಆಮೆಯನ್ನೇ ನೋಡಬೇಕಿದ್ದರೆ, ಹತ್ತು ಹನ್ನೆರಡು ಜನರಿಗಷ್ಟೇ ಸ್ಥಳವಿರುವ, ಸಂಗೀತವಿಲ್ಲದ ಸಣ್ಣ ದೋಣಿಗಳಿವೆ. ಅವುಗಳ ಮೇಲೆ ನನ್ನ ತಕರಾರಿಲ್ಲ. ಈಜು ಬಾರದವರು ಮಾತ್ರ, ಅದರಲ್ಲೂ ಕುಡಿದವರು, ಲೈಫ್ ಜಾಕೆಟ್ಟಿನ ಭರವಸೆಯ ಮೇಲೆ ಸಮುದ್ರಕ್ಕೆ ಇಳಿಯಬಾರದು. ಇದನ್ನು ಮೇಷ್ಟ್ರ ಆಜ್ಞೆ ಎಂದೇ ತಿಳಿಯಿರಿ.

ಮೂರನೆಯದು, ವಯಸ್ಸಾದವರು ಬಿಸಿಲಿನಲ್ಲಿ ನಡೆಯಲಾರರು. ಸರಿ. ಅಂಥವರನ್ನು ದೋಣಿಯ ಏಣಿಯಿಂದ ನೀರಿಗಿಳಿಸುವುದು ಸುಲಭವೆ? ಟ್ಯಾಕ್ಸಿಯಿದೆ. ನೀಲಿ ಬಣ್ಣದ ಸರ್ಕಾರಿ ಬಸ್ಸಿದೆ. ಎಲ್ಲಿಂದ ಎಲ್ಲಿಗೆ ಹೋದರೂ ಒಂದೇ ದರ, 2019ರಲ್ಲಿ ಅದು ಅಲ್ಲಿಯ ಮೂರೂವರೆ ಡಾಲರ್ ಆಯಿತು. ಅಲ್ಲಿಯ ಎರಡು ಡಾಲರ್ ಅಮೆರಿಕದ ಒಂದಕ್ಕೆ ಸಮ. ಪಾರ್ಟಿ ಬೋಟಿನಲ್ಲಿ ನಮ್ಮ ಗುಂಪಿನ ಹಿರಿಯರೊಬ್ಬರು, ನನಗಿಂತ ಎರಡು ವರ್ಷ ದೊಡ್ಡವರು, ನಾಲ್ಕು ಗಂಟೆ ಕಿವಿಗೆ ಹತ್ತಿ ಇಟ್ಟುಕೊಂಡು ಒಂದು ಮೂಲೆಯಲ್ಲಿ ಕುಳಿತಿದ್ದರಂತೆ. ಮಗ ದುಡ್ಡು ಕೊಟ್ಟಿದ್ದಾನೆ, ಬೇಡವೆಂದರೆ ನೊಂದುಕೊಂಡಾನು ಎಂದು ಬಾಯಿಬಿಡಲಿಲ್ಲ. ನನ್ನ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ನಿಮ್ಮ ತಂದೆತಾಯಿಯರು 'ಎಲ್ಲಾದರೂ ಸರಿಯಪ್ಪ' ಎಂದರೆ ಅದು ಒಪ್ಪಿಗೆಯಲ್ಲ, ಸಂಕೋಚ. ಇನ್ನೊಮ್ಮೆ ಕೇಳಿ.

ನಾಲ್ಕನೆಯದು, ದೋಣಿಯ ಕೆಲಸಗಾರರೂ ಅಲ್ಲಿಯವರೇ, ಅವರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂಬುದು. ಅವರ ಮೇಲೆ ನನಗೆ ಗೌರವವಿದೆ. ಆದರೆ ಹಡಗಿನಲ್ಲಿ ಕೊಂಡ ವಿಹಾರದ ಹಣದಲ್ಲಿ ಹಡಗಿನ ಕಂಪನಿ ತನ್ನ ಪಾಲು ಮುರಿದುಕೊಂಡೇ ಮಿಕ್ಕದ್ದನ್ನು ದಡಕ್ಕೆ ದಾಟಿಸುತ್ತದೆ. ಮಾರುಕಟ್ಟೆಯ ಹೆಂಗಸಿಗೆ, ಎಳನೀರಿನವನಿಗೆ, ಟ್ಯಾಕ್ಸಿಯವನಿಗೆ ನೀವು ಕೈಯಾರೆ ಕೊಟ್ಟದ್ದು ಪೂರ್ತಿ ಅವರದೇ.

ಕೊನೆಯದಾಗಿ, "ಮೇಷ್ಟ್ರಿಗೆ ರಜೆಯಲ್ಲೂ ಪಾಠವೇ" ಎಂಬ ಆಕ್ಷೇಪ. ಮನುಷ್ಯನಿಗೆ ಹಗುರಾಗಿ ನಾಲ್ಕು ಗಂಟೆ ಕಳೆಯುವ ಹಕ್ಕಿಲ್ಲವೆ? ಖಂಡಿತ ಇದೆ. ಅದಕ್ಕೆ ಹಡಗಿನಲ್ಲಿ ಏಳು ಸಂಜೆ, ಏಳು ರಾತ್ರಿಗಳಿವೆ. ದೇಶ ನೋಡಲು ಇರುವುದು ಒಂದು ಹಗಲು. ಹಗುರಾಗಬೇಕೆಂದರೆ ಊರು ಸುತ್ತಿದ ಮೇಲೆ ಕಾರ್ಲೈಲ್ ಕೊಲ್ಲಿಯ ಬ್ರೌನ್ಸ್ ಬೀಚಿಗೆ ಹೋಗಿ ಕಾಲು ಚಾಚಿ. ಬಾರ್ಬಡೋಸಿನ ಕಡಲತೀರಗಳು ಸಾರ್ವಜನಿಕರ ಸೊತ್ತು. ಅದೇ ನೀಲಿ ನೀರು, ಸ್ಪೀಕರಿಲ್ಲ, ಟಿಕೆಟ್ಟಿಲ್ಲ.

ಹೋಗುವವರಿಗೆ ನನ್ನ ಸೂಚನೆ ಇಷ್ಟು. ಒಂಬತ್ತಕ್ಕೆ ಇಳಿದು, ಬಿಸಿಲೇರುವ ಮೊದಲು ಓವಲ್ ಮೈದಾನ. ಅಲ್ಲಿಂದ ಪೇಟೆ, ಪ್ರಾರ್ಥನಾಮಂದಿರ, ರಾಷ್ಟ್ರವೀರರ ಚೌಕ. ಹನ್ನೆರಡರ ಹೊತ್ತಿಗೆ ಟ್ಯಾಕ್ಸಿಯಲ್ಲಿ ಗ್ಯಾರಿಸನ್. ಅಲ್ಲಿ ಹಳೆಯ ಸೈನಿಕ ಸೆರೆಮನೆಯೇ ಈಗ ಬಾರ್ಬಡೋಸ್ ವಸ್ತುಸಂಗ್ರಹಾಲಯ. ಎದುರಿನ ವಿಶಾಲ ಬಯಲಿನಲ್ಲಿ 1966ರ ನವೆಂಬರ್ 30ರ ನಡುರಾತ್ರಿ ಸ್ವತಂತ್ರ ದೇಶದ ಬಾವುಟ ಏರಿತು. ಎರಡರಿಂದ ಮೂರೂವರೆಯವರೆಗೆ ಕಡಲತೀರ. ನಾಲ್ಕಕ್ಕೆ ಹಡಗು. ಕೊಡೆ, ನೀರು, ಟೊಪ್ಪಿಗೆ ಮರೆಯಬೇಡಿ. ಸೈನಿಕರ ಉಡುಪಿನ ಚಿತ್ತಾರದ ಅಂಗಿ ಚಡ್ಡಿಗಳನ್ನು ಹಡಗಿನಲ್ಲೇ ಬಿಟ್ಟುಹೋಗಿ. ಸಾಮಾನ್ಯ ಜನ ಅವನ್ನು ತೊಡುವುದು ಆ ದೇಶದಲ್ಲಿ ಅಪರಾಧ, ಮಕ್ಕಳಿಗೂ ವಿನಾಯಿತಿಯಿಲ್ಲ.

ಇದನ್ನು ಓದಿಯೂ ಪಾರ್ಟಿ ಬೋಟೇ ಚೆಂದವೆನ್ನುವವರು ನನ್ನ ಶಿಷ್ಯರಲ್ಲಿ ಇದ್ದೇ ಇರುತ್ತಾರೆ. ತರಗತಿಯಲ್ಲೂ ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತಲೇ ಇತ್ತು. ಅವರು ತಮ್ಮ ವಾದವನ್ನು ಕಾರಣಸಹಿತ ಬರೆದು ಕಳಿಸಲಿ, ಇಲ್ಲಿಯೇ ಪ್ರಕಟಿಸುತ್ತೇನೆ. ಎಲ್ಲರ ಪ್ರಯಾಣವೂ ಸುಖಕರವಾಗಲಿ.